ಸಂಜೆ ಐದರ ಚೌಕ

"ಬಂದ," ಎಂದಳು ಕರೆಮ್ಮ. "ಬಂದ ನೋಡು ಭಾಗ್ಯಾ, ಜಲ್ದಿ ಬಾ."

ಭಾಗ್ಯ ಗ್ಯಾಸಿನ ಉರಿ ಸಣ್ಣ ಮಾಡಿ, ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಅತ್ತೆಯ ಪಕ್ಕ ಕೂತಳು. ಅಕ್ಕಿ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ, ದೂರದ ಯುರೋಪಿನ ಹಳೆಯ ಊರೊಂದರ ಚೌಕ ಬಿಸಿಲಿಗೆ ಮೈಚಾಚಿ ಬಿದ್ದಿತ್ತು. ಕಲ್ಲು ಹಾಸಿದ ದೊಡ್ಡ ಬಯಲು. ಸುತ್ತ ಒಂದಕ್ಕೊಂದು ಹೆಗಲು ತಾಗಿಸಿಕೊಂಡು ನಿಂತ ಎತ್ತರದ ಮನೆಗಳು, ಅವುಗಳ ಕೆಳಗೆ ಸಾಲುಗಂಬಗಳ ಪಡಸಾಲೆ. ನಡುವೆ ಒಂದು ಕಾರಂಜಿ. ಇಲ್ಲಿ ಸಂಜೆ ಐದಾದರೆ ಅಲ್ಲಿ ಇನ್ನೂ ಮಧ್ಯಾಹ್ನ. ಎಡಗಡೆಯ ಸಂದಿಯಿಂದ ಹಳದಿ ಜಾಕೀಟಿನ ಮನುಷ್ಯನೊಬ್ಬ ಹೊರಬಂದ. ಉಗುರಿನಷ್ಟೇ ಕಾಣುತ್ತಿದ್ದ. ಕಾರಂಜಿಯ ಹತ್ತಿರ ನಿಂತು, ಬಗ್ಗಿ, ಬೊಗಸೆಯಲ್ಲಿ ನೀರು ಹಿಡಿದು ಮುಖ ತೊಳೆದ. ತೋಳಿನಿಂದ ಒರೆಸಿಕೊಂಡ. ಸ್ವಲ್ಪ ಹೊತ್ತು ಕಟ್ಟೆಗೆ ಕೈಯೂರಿ ತಲೆ ತಗ್ಗಿಸಿ ನಿಂತ. ಆಮೇಲೆ ಬಲಗಡೆಯ ಕಂಬಗಳ ನಡುವೆ ಹೋಗಿ ಮರೆಯಾದ.

"ಇವತ್ತೂ ತಲಿ ಎತ್ತಿ ನೋಡಲಿಲ್ಲ," ಎಂದಳು ಕರೆಮ್ಮ.

"ಕೆಲಸದ ಮ್ಯಾಲೆ ಹೊಂಟಿರ್ತಾರಲ್ರಿ ಅತ್ತಿ. ಹೊತ್ತಾಗಿರಬೇಕು."

"ಮಖ ತೊಳಿಯಾಕ ಹೊತ್ತೈತಿ, ಅವ್ವನ ಕಡಿ ನೋಡಾಕ ಹೊತ್ತಿಲ್ಲ." ಕರೆಮ್ಮ ಸೆರಗಿನ ತುದಿಯಿಂದ ಫೋನಿನ ಗಾಜು ಒರೆಸಿದಳು. "ಸೊರಗ್ಯಾನ ಅನಸ್ತೈತಿ ನಂಗ. ಉಣ್ತಾನೋ ಇಲ್ಲೋ."

ಅಷ್ಟು ಸಣ್ಣ ಆಕೃತಿಯಲ್ಲಿ ಸೊರಗಿದ್ದು ಹೇಗೆ ಕಂಡಿತು ಎಂದು ಭಾಗ್ಯ ಕೇಳಲಿಲ್ಲ. ಅವಳಿಗೂ ಹಾಗೆಯೇ ಕಂಡಿತ್ತು. ಫೋನು ಆರಿಸಿ, ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಮಹಡಿಯ ಮೇಲಿನ ಎರಡೂ ರೂಮುಗಳಲ್ಲಿ ಗೆಸ್ಟುಗಳಿದ್ದರು. ಏಳಕ್ಕೆಲ್ಲ ಊಟ ಕೇಳುತ್ತಿದ್ದರು.

ಕರೆಮ್ಮನ ಮಗ ಮೌನೇಶ ಹಂಪಿಯಲ್ಲಿ ಗೈಡ್ ಆಗಿದ್ದವನು. ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ಕಮಲ ಮಹಲು, ಸಂಜೆ ಹೇಮಕೂಟದ ಮೇಲೆ ಸೂರ್ಯ ಮುಳುಗುವುದನ್ನು ತೋರಿಸುವುದು. ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆ ಕೋಣೆ. ಅಲ್ಲಿ ಗೋಡೆಯಲ್ಲೊಂದು ಸಣ್ಣ ಕಿಂಡಿ. ಆ ಕಿಂಡಿಯಿಂದ ಹೊರಗಿನ ದೊಡ್ಡ ಗೋಪುರದ ನೆರಳು ಒಳಗಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಮದುವೆಯಾದ ಹೊಸತರಲ್ಲಿ ಭಾಗ್ಯಳನ್ನೂ ಕರೆದುಕೊಂಡು ಹೋಗಿ ತೋರಿಸಿದ್ದ. "ಚಿತ್ರ ಬರದಿದ್ದಲ್ಲ ಇದು, ಜೀವಂತ ಐತಿ," ಎಂದಿದ್ದ. "ಹೊರಗ ಗೋಪುರದ ಮ್ಯಾಗ ಹಕ್ಕಿ ಹಾರಿದ್ರ ಇಲ್ಲಿ ಗೋಡಿ ಮ್ಯಾಗೂ ಹಾರ್ತೈತಿ. ಅಲ್ಲಿ ಗೋಪುರ ಇಲ್ಲಂದ್ರ ಇಲ್ಲಿ ನೆರಳಿಲ್ಲ." ಭಾಗ್ಯ ಬಿ.ಎ. ಓದಿದವಳು, ಬೆಳಕಿನ ಲೆಕ್ಕ ಅವಳಿಗೂ ಗೊತ್ತಿತ್ತು. ಆದರೂ ಆ ಕತ್ತಲೆಯಲ್ಲಿ ಅವನ ಪಕ್ಕ ನಿಂತು ಮೊದಲ ಸಲ ಕೇಳಿದವಳಂತೆ ಕೇಳಿದ್ದಳು.

ಅವರ ಮನೆಯಲ್ಲಿ ಉಳಿದುಕೊಂಡಿದ್ದ ವಿದೇಶಿ ದಂಪತಿ, ತಮ್ಮ ದೇಶದ ಆ ಹಳೆಯ ಊರಿನಲ್ಲಿ ಇಂಡಿಯನ್ ಊಟದ ಹೋಟೆಲೊಂದರಲ್ಲಿ ಅವನಿಗೆ ಕೆಲಸ ಕೊಡಿಸಿದರು. ಯುಗಾದಿ ಮುಗಿಸಿ ಹೊರಟ. ವಿರೂಪಾಕ್ಷನ ಗುಡಿಯ ಫಲಪೂಜೆಯ ಹಬ್ಬಕ್ಕೆ, ಅಂದರೆ ಡಿಸೆಂಬರಿನ ಹೊತ್ತಿಗೆ, ಬಂದೇ ಬರುವೆ ಎಂದಿದ್ದ. ಹೊರಡುವ ದಿನ ಕರೆಮ್ಮ ಟ್ರಂಕಿನಿಂದ ತನ್ನ ಗಂಡನ ಕರಿ ಕಂಬಳಿ ತೆಗೆದು ಕೊಡಲು ಹೋದಾಗ ನಕ್ಕುಬಿಟ್ಟಿದ್ದ. "ಅವ್ವಾ, ವಿಮಾನದಾಗ ಕುರಿ ಕಾಯೋನು ಬಂದ ಅಂತಾರ. ಇಟ್ಟಿರು, ಬಂದು ಹೊಚ್ಕೊಂತೀನಿ." ಕಂಬಳಿ ಬೇವಿನ ಎಲೆಗಳ ಜೊತೆ ಟ್ರಂಕಿಗೆ ವಾಪಸು ಹೋಯಿತು.

ಅಲ್ಲಿಗೆ ಹೋಗಿ ಎರಡು ವಾರಕ್ಕೆ ಅವನೇ ಈ ಚೌಕವನ್ನು ಕಳಿಸಿದ. ಅಲ್ಲಿನ ಗಡಿಯಾರದ ಗೋಪುರದ ಮೇಲೆ ಊರಿನವರು ಕ್ಯಾಮೆರಾ ಇಟ್ಟಿದ್ದಾರಂತೆ. ಜಗತ್ತಿನಲ್ಲಿ ಯಾರು ಬೇಕಾದರೂ ಕೂತಲ್ಲೇ ಆ ಚೌಕ ನೋಡಬಹುದಂತೆ. ತಾನು ದಿನಾ ಮಧ್ಯಾಹ್ನ ಊಟದ ಡಬ್ಬಿಗಳನ್ನು ಕೊಟ್ಟು ಅಲ್ಲಿಂದಲೇ ದಾಟುತ್ತೇನೆ, ಹೋಟೆಲಿನವರು ಹಳದಿ ಜಾಕೀಟು ಕೊಟ್ಟಿದ್ದಾರೆ ಎಂದ. ಮೊದಲ ದಿನ ಕಾರಂಜಿಯ ಕಟ್ಟೆ ಹತ್ತಿ ಎರಡೂ ಕೈ ಎತ್ತಿ ಬೀಸಿದ. ಅವನ ಧ್ವನಿ ಇನ್ನೊಂದು ಫೋನಿನಲ್ಲಿತ್ತು. "ಕಾಣ್ತೀನೇನವ್ವಾ? ನಾನು ಇಲ್ಲಿ, ನನ್ನ ನೆರಳು ನಿನ್ನ ಅಡಿಗಿ ಮನ್ಯಾಗ. ನಮ್ಮ ಗೋಪುರದ ನೆರಳು ಇದ್ದಂಗ ತಿಳಕ."

"ಸಾಕಿಳಿಯೋ, ತಲಿಕೆಳಗ ಬಿದ್ದಗಿದ್ದಿ!" ಎಂದು ಕರೆಮ್ಮ ಕೂಗಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ಆ ಊರಿನ ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ. ಗಡಿಯಾರದೂರು ಎಂದೇ ಕರೆದಳು. ಚೌಕವನ್ನು ಮಾತ್ರ ಒಂದೇ ನೋಟಕ್ಕೆ ಗುರುತಿಸಿದಳು. "ಇದು ನಮ್ಮ ಬಜಾರನ ಅಲ್ಲೇನು?" ಕರೆಮ್ಮ ಮದುವೆಯಾಗಿ ಬಂದದ್ದು ಹಂಪಿಯ ಬಜಾರದ ಸಾಲುಮಂಟಪದ ಮನೆಗೆ. ನೂರಾರು ವರ್ಷದ ಕಂಬಗಳ ನಡುವೆ ಮಣ್ಣಿನ ಗೋಡೆ ಎತ್ತಿಕೊಂಡು, ಒಲೆ ಹೂಡಿ, ತೊಟ್ಟಿಲು ಕಟ್ಟಿದ್ದಳು. ಮೌನೇಶ ಹುಟ್ಟಿದ್ದೂ ಅಲ್ಲೇ. ಸರಕಾರದವರು ಬಜಾರವನ್ನು ತೆರವು ಮಾಡಿಸಿದ ಮೇಲೆ ಆ ಕಂಬಗಳ ನಡುವೆ ಉಳಿದದ್ದು ಗಾಳಿ, ಮಂಗಗಳು, ಫೋಟೋ ತೆಗೆಯುವವರು. ಗಡಿಯಾರದೂರಿನ ಚೌಕದಲ್ಲಾದರೆ ಕಂಬಗಳ ಮೇಲಿನ ಮನೆಗಳ ಕಿಟಕಿಗಳಲ್ಲಿ ಹೂವಿನ ಕುಂಡಗಳಿದ್ದವು. ಒಂದರಲ್ಲಿ ಯಾರೋ ದಿಂಬು ಒಣಹಾಕಿದ್ದರು.

"ಎಷ್ಟು ವರ್ಷದ ಮನಿಗಳಪ್ಪಾ ಅವು?"

"ಐನೂರು ಅಂತಾರ ಅವ್ವಾ. ಇನ್ನಾ ಅದರಾಗನ ಸಂಸಾರ ಮಾಡ್ತಾರ."

"ಅವರನ್ಯಾರೂ ಎಬ್ಬಸಲಿಲ್ಲ ನೋಡು," ಎಂದು ಕರೆಮ್ಮ ಆ ದಿಂಬನ್ನೇ ಬಹಳ ಹೊತ್ತು ನೋಡಿದ್ದಳು.

ಹೀಗೆ ಸಂಜೆ ಐದು ಎಂಬುದು ಆ ಮನೆಯ ಪೂಜೆಯ ಹೊತ್ತಾಯಿತು. ಮೌನೇಶ ಒಂದು ದಿನ ಟೊಪ್ಪಿಗೆ ತೆಗೆದು ಬಾಗುತ್ತಿದ್ದ, ಇನ್ನೊಂದು ದಿನ ಕೈಮುಗಿದು ಕಾರಂಜಿಗೆ ಪ್ರದಕ್ಷಿಣೆ ಹಾಕುತ್ತಿದ್ದ. ಸುತ್ತಲಿನ ಬಿಳಿಯರು ತಿರುಗಿ ನೋಡುತ್ತಿದ್ದರು. ಮಳೆ ಬಂದರೆ ಛತ್ರಿ ಎತ್ತಿ ತೋರಿಸುತ್ತಿದ್ದ.

ಕಾರಹುಣ್ಣಿಮೆಯ ದಿನ ಜಗಳವಾಯಿತು. ಕರೆಮ್ಮ ಹೋಳಿಗೆ ಮಾಡಿ, ಮಗನಿಗೆ ತೋರಿಸಲೆಂದು ತಟ್ಟೆಯನ್ನು ಫೋನಿನ ಮುಂದೆ ಹಿಡಿದಿದ್ದಳು. ಅವನಿಗೆ ಹೋಳಿಗೆಯ ಮೇಲೆ ಮನಸ್ಸಿರಲಿಲ್ಲ. ಮಾಲೀಕ ಕಾಗದಪತ್ರ ಸರಿಮಾಡಿಸುತ್ತಿಲ್ಲ, ಬೇರೆ ಕಡೆ ಕೆಲಸ ನೋಡಬೇಕು, ಫಲಪೂಜೆಗೆ ಬರಲಾಗುವುದಿಲ್ಲ, ಇನ್ನೂ ಒಂದು ವರ್ಷ ಹಿಡಿದೀತು ಎಂದ. ಭಾಗ್ಯ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ತಡೆಯದೆ, "ಹಂಗಾದ್ರ ಅಲ್ಲೇ ಇದ್ದುಬಿಡ್ರಿ, ಆ ಕಾರಂಜಿ ಕಟ್ಟಿ ಮ್ಯಾಗ ಮನಿ ಕಟ್ಕೊಂಡು," ಎಂದಳು. ಅವನು ಫೋನಿಟ್ಟ.

ಮಾರನೆಯ ದಿನ ಅವನ ನಂಬರಿಗೆ ಗಂಟೆ ಹೋಗಲಿಲ್ಲ. ಆದರೆ ಸಂಜೆ ಐದಕ್ಕೆ ಹಳದಿ ಜಾಕೀಟು ಸಂದಿಯಿಂದ ಬಂತು. ಕಾರಂಜಿಯಲ್ಲಿ ಮುಖ ತೊಳೆಯಿತು. ತಲೆ ಎತ್ತದೆ ಹೋಯಿತು. ಅದರ ಮಾರನೆಯ ದಿನವೂ ಹಾಗೆಯೇ. ಅಂದಿನಿಂದಲೂ ಹಾಗೆಯೇ.

ದಸರಾ ಮುಗಿದ ಮೇಲೆ ಬುಕ್ಕಸಾಗರದಿಂದ ಭಾಗ್ಯಳ ಅಣ್ಣ ಪಂಪೇಶ ಬಂದ. ಗೂಡ್ಸ್ ಆಟೋದಲ್ಲಿ ಬಾಳೆಗೊನೆ ಹೇರಿಕೊಂಡು ಹೊಸಪೇಟೆಗೆ ಹೊರಟವನು, ದಾರಿಯಲ್ಲಿ ಇಳಿದು ಒಂದು ಚಿಪ್ಪು ಬಾಳೆಹಣ್ಣನ್ನು ಅಡಿಗೆಮನೆಯ ಗೂಟಕ್ಕೆ ತೂಗುಹಾಕಿದ. ಇಬ್ಬರೂ ಫೋನಿನ ಮುಂದೆ ಕೂತಿದ್ದರು.

"ಏನ್ರೀ ಅತ್ತೆಮ್ಮಾ, ಸೀರಿಯಲ್ ಶುರು ಆತೇನು? ಇವತ್ತಿನ ಎಪಿಸೋಡಿನ್ಯಾಗ ಏನೈತಿ?"

"ಬಾಯಿ ಮುಚ್ಚಿ ಕುಂದ್ರಲೇ. ನನ್ನ ಮಗ ಬರೋ ಹೊತ್ತು."

ಪಂಪೇಶ ಕೂತ. ಹಳದಿ ಜಾಕೀಟು ಬಂದು, ಮುಖ ತೊಳೆದು, ಹೋಯಿತು. ಅವನು ನಗಲಿಲ್ಲ.

"ನಾನು ಆ ಹೋಟೆಲಿನವಗ ಮತ್ತ ಫೋನ್ ಮಾಡಿದ್ದೆ," ಎಂದ. "ಹಿಂದಿ ಬರ್ತೈತಿ ಅವಗ. ಹೋದ ಸಲ ಹೇಳಿದ್ದನ್ನ ಹೇಳ್ತಾನ. ಕೆಲಸ ಬಿಟ್ಟು ಹೋಗಿ ತಿಂಗಳುಗಟ್ಲೆ ಆತು, ಎಲ್ಲಿಗೆ ಅಂತ ಗೊತ್ತಿಲ್ಲ ಅಂತಾನ. ಭಾಗ್ಯಾ, ನನ್ನ ಮಾತು ಕೇಳು. ಹೊಸಪೇಟ್ಯಾಗ ಒಂದು ಕಂಪ್ಲೇಂಟ್ ಕೊಟ್ಟುಬಿಡೂಣು. ಅಲ್ಲಿಂದ ದಿಲ್ಲಿಗೆ ಹೋಗ್ತೈತಿ, ಅವರು ಅಲ್ಲಿಯೋರ್ನ ಕೇಳ್ತಾರ."

"ಏನಂತ ಕೊಡ್ತಿ?" ಕರೆಮ್ಮನ ಧ್ವನಿ ಏರಿತು.

"ಕಾಣಿಯಾಗ್ಯಾನ ಅಂತ."

"ಕಣ್ಮುಂದ ಅಡ್ಡಾಡೋ ಮಗನ್ನ ಕಾಣಿಯಾಗ್ಯಾನ ಅಂತ ಬರಸ್ಲೇನು? ಯಾವ ಬಾಯಿಲೆ ಹೇಳ್ತಿಯಪ್ಪಾ ಅದನ್ನ? ಈಗ ನೋಡಿದೆಲ್ಲೊ ನೀನ!"

"ನೋಡಿದ್ನಿ. ಹಳದಿ ಅಂಗಿ ನೋಡಿದ್ನಿ. ಮಖ ಎಲ್ಲಿ ಕಾಣ್ತೈತ್ರಿ?"

"ಹೆತ್ತಾಕಿಗೆ ಮಖ ಬೇಕೇನು? ನಡಿಗಿ ಸಾಕು."

"ಮತ್ತ ಹೋಟೆಲಿನವ ಯಾಕ ಸುಳ್ಳು ಹೇಳ್ತಾನ?"

"ಇವನ ಹಂಗ ಹೇಳು ಅಂದಿರ್ತಾನ. ಸಿಟ್ಟು. ಅವರಪ್ಪಂದೂ ಹಿಂಗ ಇತ್ತು, ಒಂದ್ಸಲ ಎಂಟು ತಿಂಗಳು ನನ್ನ ಕೂಡ ಮಾತಾಡಲಿಲ್ಲ. ತಾಟು ಮುಂದಿಟ್ರ ಉಣ್ಣೋನು, ಎದ್ದು ಹೋಗೋನು." ಕರೆಮ್ಮ ಫೋನನ್ನು ಎತ್ತಿ ಎದೆಗೊತ್ತಿ ಹಿಡಿದುಕೊಂಡಳು. "ನೆರಳು ಐತಂದ್ರ ಗೋಪುರ ಐತಿ. ಅವನ ಹೇಳ್ಯಾನ."

ಪಂಪೇಶ ತಂಗಿಯ ಮುಖ ನೋಡಿದ. ಭಾಗ್ಯ ಸೊಪ್ಪು ಸೋಸುತ್ತಿದ್ದಳು. "ದಿನಾ ಅದ ಹೊತ್ತಿಗೆ ಬಂದು ಅದ ಜಾಗದಾಗ ಮಖ ತೊಳೀತಾನ," ಎಂದ ಅವನು ಮೆಲ್ಲಗೆ. "ಒಂದಿನ ತಪ್ಪಂಗಿಲ್ಲ. ಹಂಗ್ಯಾರನ ಇರ್ತಾರೇನ?"

"ದೇವಸ್ಥಾನದ ಆನಿ ದಿನಾ ಅದ ಹೊತ್ತಿಗೆ ಹೊಳಿಗೆ ಹೋಗಂಗಿಲ್ಲೇನು?" ಎಂದು ಕರೆಮ್ಮ ಆ ಮಾತನ್ನು ಅಲ್ಲಿಗೇ ಮುಗಿಸಿದಳು.

ಪಂಪೇಶ ಹೋದ ಮೇಲೆ ಭಾಗ್ಯ ಸೋಸಿದ ಸೊಪ್ಪನ್ನೇ ಮತ್ತೊಮ್ಮೆ ಸೋಸಿದಳು. ಅವಳದು ಏನನ್ನೂ ಒಮ್ಮೆ ನೋಡಿ ಬಿಡುವ ಸ್ವಭಾವವಲ್ಲ. ಗ್ಯಾಸು ಆರಿಸಿದ್ದೇನೆಯೇ ಎಂದು ಹಾಸಿಗೆಯಿಂದ ಎದ್ದು ಬಂದು ನೋಡುವವಳು. ಗೆಸ್ಟುಗಳ ಮುಖ ನೋಡಿ ಇಂಥವರಿಗೆ ಹೊಟ್ಟೆ ಕೆಟ್ಟಿದೆ, ಇಂಥವರು ಜಗಳವಾಡಿದ್ದಾರೆ ಎಂದು ಹೇಳಬಲ್ಲವಳು. ಹಾಗಿದ್ದೂ ಚೌಕವನ್ನು ನೋಡುವಾಗ ಮಾತ್ರ ಕಣ್ಣನ್ನು ಹಳದಿಯ ಮೇಲೆ ನೆಟ್ಟು, ಬೇರೆಲ್ಲೂ ಹೋಗದಂತೆ ಹಿಡಿದಿಡುತ್ತಿದ್ದಳು. ಯಾಕೆಂದರೆ ಒಂದು ದಿನ ಅದು ಬೇರೆ ಕಡೆ ಹೋಗಿತ್ತು. ಗಡಿಯಾರದ ಗೋಪುರದ ನೆರಳು ಚೌಕದ ಕಲ್ಲುಗಳ ಮೇಲೆ ಬಿದ್ದು, ಕಾರಂಜಿಗೆ ಒಂದು ಮಾರು ಈಚೆಗೆ ನಿಂತಿತ್ತು. ಆಷಾಢದಲ್ಲಿ ಅಲ್ಲೇ ನಿಂತಿತ್ತು. ದಸರೆಯಲ್ಲೂ ಅಲ್ಲೇ ನಿಂತಿತ್ತು. ಹಂಪಿಯ ಗೋಪುರದ ನೆರಳು ತಿಂಗಳು ತಿಂಗಳಿಗೆ ಹೇಗೆ ಸರಿಯುತ್ತದೆ ಎಂದು ಮೌನೇಶ ಗೆಸ್ಟುಗಳಿಗೆ ವಿವರಿಸುವುದನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಆ ದೇಶದ ಸೂರ್ಯನ ರೀತಿಯೇ ಬೇರೆ ಇದ್ದೀತು ಎಂದುಕೊಂಡು ಫೋನು ಆರಿಸಿದ್ದಳು.

ಕೂಸೊಂದು ಇತ್ತು. ಮೌನೇಶ ಬರುವುದಕ್ಕೆ ಸ್ವಲ್ಪ ಮೊದಲು, ಕೆಂಪು ಟೊಪ್ಪಿಗೆಯ ಆ ಕೂಸು ತಾಯಿಯ ಕೈ ಬಿಡಿಸಿಕೊಂಡು ಪಾರಿವಾಳಗಳ ಹಿಂದೆ ತಪ್ಪುಹೆಜ್ಜೆ ಹಾಕಿ, ಕುಕ್ಕರಿಸಿ ಬೀಳುತ್ತಿತ್ತು. ಕರೆಮ್ಮನಿಗೆ ಅದೆಂದರೆ ಅಕ್ಕರೆ. ಒಮ್ಮೆ ದೀಪಾವಳಿಯ ಹಿಂದುಮುಂದು, "ಇದಕ್ಕಿನ್ನಾ ಹೆಜ್ಜಿ ಬರವಲ್ದು ನೋಡು. ನಮ್ಮ ಮೌನ್ಯಾ ಹತ್ತು ತಿಂಗಳಿಗೇ ಬಜಾರ ತುಂಬಾ ಓಡ್ತಿದ್ದ," ಎಂದು ನಕ್ಕಿದ್ದಳು. ನಕ್ಕವಳು ಹಾಗೆಯೇ ಎದ್ದು ಹಿತ್ತಲಿಗೆ ಹೋಗಿದ್ದಳು. ಅಂದಿನಿಂದ ಅವಳು ಕೂಸಿನ ಮಾತೆತ್ತಿರಲಿಲ್ಲ.

ಕೆಲಸ ಕೊಡಿಸಿದ ದಂಪತಿ ಆ ಹೊತ್ತಿಗೆ ಬೇರೆ ದೇಶದಲ್ಲಿದ್ದರು. ಮೌನೇಶನಿಂದ ಸುದ್ದಿ ಇಲ್ಲವೆಂದು ಅವರಿಗೂ ಅನಿಸಿ, ಯಾರನ್ನಾದರೂ ಕಳಿಸಿ ವಿಚಾರಿಸಲೇ ಎಂದು ಭಾಗ್ಯಳನ್ನು ಕೇಳಿದ್ದರು. ಅವಳು ಇಂಗ್ಲಿಷಿನಲ್ಲಿ, ಎರಡೆರಡು ಸಲ ತಿದ್ದಿ, ಉತ್ತರ ಕಳಿಸಿದ್ದಳು: ದಯವಿಟ್ಟು ತೊಂದರೆ ತೆಗೆದುಕೊಳ್ಳಬೇಡಿ. ಅವರು ಚೆನ್ನಾಗಿದ್ದಾರೆ. ನಾವು ದಿನವೂ ನೋಡುತ್ತಿದ್ದೇವೆ.

ಡಿಸೆಂಬರಿನಲ್ಲಿ ಮೇಲಿನ ರೂಮಿಗೆ ಹಾನಾ ಎಂಬವಳು ಬಂದಳು. ಐವತ್ತರ ಆಸುಪಾಸಿನ, ಕೂದಲು ಕತ್ತರಿಸಿಕೊಂಡ ಹೆಂಗಸು. ಬಂದ ಎರಡನೆಯ ದಿನವೇ ಧೂಳಿಗೆ ಕೆಮ್ಮು ಹತ್ತಿ, ಶುಂಠಿ ಚಹಾ ಕೇಳಿಕೊಂಡು ಸಂಜೆ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ಕೂತಳು. ಕರೆಮ್ಮ ಮನೆಯಲ್ಲಿರಲಿಲ್ಲ. ಮರುದಿನ ಫಲಪೂಜೆ, ಹೂವು ತರಲು ಓಣಿಯ ಆ ಬದಿಗೆ ಹೋಗಿದ್ದಳು. ಹೋಗುವಾಗ, "ಐದಕ್ಕ ಬರ್ಲಿಲ್ಲಂದ್ರ ನೀನ ನೋಡಿ ಹೇಳು," ಎಂದಿದ್ದಳು.

ಭಾಗ್ಯ ಚಹಾ ಸೋಸಿ ಕೊಟ್ಟು, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದಳು.

ಹಾನಾ ಲೋಟ ಬಾಯಿಯ ಹತ್ತಿರ ಹಿಡಿದವಳು ಹಾಗೇ ನಿಲ್ಲಿಸಿದಳು. ಇದು ನಮ್ಮ ದೇಶದ ಊರಲ್ಲವೇ, ನಿನಗೆ ಹೇಗೆ ಗೊತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತನ್ನ ಅಕ್ಕನ ಮನೆ ಅಲ್ಲಿಂದ ಒಂದು ಗಂಟೆಯ ದಾರಿಯಂತೆ. ಆ ಕಂಬಗಳ ಕೆಳಗಿನ ಬೇಕರಿಯಲ್ಲಿ ಗಸಗಸೆ ರೊಟ್ಟಿ ಬಹಳ ಚೆನ್ನಾಗಿರುತ್ತದಂತೆ.

"ನನ್ನ ಗಂಡ ಅಲ್ಲಿದ್ದಾರೆ," ಎಂದಳು ಭಾಗ್ಯ, ಇಂಗ್ಲಿಷಿನಲ್ಲೇ. ಹೆಮ್ಮೆಯೋ ಸಂಕೋಚವೋ ಗೊತ್ತಾಗದೆ ಮುಖ ಬಿಸಿಯಾಯಿತು. "ಇನ್ನೇನು ಬರುತ್ತಾರೆ. ನೋಡಿ."

ಹಾನಾ ಬಗ್ಗಿ ನೋಡಿದಳು. ಚೌಕದಲ್ಲಿ ಜನ ತೋಳಿಲ್ಲದ ಅಂಗಿ ತೊಟ್ಟು, ದೊಡ್ಡ ಕೊಡೆಗಳ ಕೆಳಗೆ ಕೂತು ಐಸ್ ಕ್ರೀಮ್ ತಿನ್ನುತ್ತಿದ್ದರು. ಇದು ಬೇಸಿಗೆಯದು, ಎಂದಳು ಅವಳು ನಗುತ್ತ, ತಿಳಿಸಿ ಹೇಳುವವಳಂತೆ. ಆಮೇಲೆ ಭಾಗ್ಯಳ ಮುಖ ನೋಡಿ ನಗು ನಿಲ್ಲಿಸಿದಳು.

"ಇಲ್ಲ, ಇದು ಈಗಿನದು. ಲೈವ್. ಇಲ್ಲಿ ಬರೆದಿದೆ."

ಹಾನಾ ಕನ್ನಡಕ ಹಾಕಿಕೊಂಡು ಚಿತ್ರದ ಕೆಳಗೆ ತನ್ನ ಭಾಷೆಯಲ್ಲಿದ್ದ ಸಾಲುಗಳನ್ನು ಓದಿದಳು. ಭಾಗ್ಯ ಆ ಅಕ್ಷರಗಳನ್ನು ದಿನವೂ ನೋಡಿದ್ದಳು, ತಲೆಯ ಮೇಲೆ ಚುಕ್ಕಿ ಕೊಂಬು ಇದ್ದ ಇಂಗ್ಲಿಷಿನಂಥ ಅಕ್ಷರಗಳು. ಹಾನಾ ನಿಧಾನವಾಗಿ, ಒಂದೊಂದೇ ಪದ ಹುಡುಕುತ್ತ ಹೇಳಿದಳು. ಊರಿನವರು ಹಳೆಯ ಕ್ಯಾಮೆರಾ ತೆಗೆದು ಹೊಸದು ಹಾಕಿದ್ದಾರೆ, ಅದು ಬೇರೆ ಕಡೆ ಬರುತ್ತದೆ. ಇದರಲ್ಲಿ ಹಳೆಯ ಕ್ಯಾಮೆರಾದ ಕೊನೆಯ ದಿನವನ್ನೇ ಬೆಳಗಿನಿಂದ ಬೆಳಗಿನವರೆಗೆ ತಿರುತಿರುಗಿ ತೋರಿಸುತ್ತಾರೆ. ಜೂನ್ ತಿಂಗಳ ಒಂದು ದಿನ.

ಹೇಳಿ, ತನ್ನ ಫೋನಿನಲ್ಲಿ ಏನೋ ಒತ್ತಿ, ಅದನ್ನು ಅಕ್ಕಿ ಡಬ್ಬಿಗೆ ಇದರ ಪಕ್ಕದಲ್ಲೇ ಒರಗಿಸಿದಳು.

ಅದೇ ಚೌಕ. ಅದೇ ಮನೆಗಳು. ಮಾಡುಗಳ ಮೇಲೆ, ನೆಲದ ಮೇಲೆ, ಕಿಟಕಿಗಳ ಹೊಸ್ತಿಲ ಮೇಲೆ ಬೆಳ್ಳಗೆ ಹಿಮ ಕೂತಿತ್ತು. ಹೂವಿನ ಕುಂಡಗಳಿರಲಿಲ್ಲ. ನಡುವೆ ಎತ್ತರದ ಹಸಿರು ಮರವೊಂದನ್ನು ತಂದು ನೆಟ್ಟು ದೀಪ ಕಟ್ಟಿದ್ದರು. ಜನ ದಪ್ಪ ಕೋಟುಗಳಲ್ಲಿ ತಲೆ ತಗ್ಗಿಸಿಕೊಂಡು ಬೇಗಬೇಗ ದಾಟುತ್ತಿದ್ದರು. ಚಳಿಗೆ ಒಡೆಯದಿರಲೆಂದು ಕಾರಂಜಿಯನ್ನು ಹಲಗೆಗಳಿಂದ ಮುಚ್ಚಿ, ಮೊಳೆ ಹೊಡೆದಿದ್ದರು.

ಪಕ್ಕದ ಫೋನಿನಲ್ಲಿ ಕೆಂಪು ಟೊಪ್ಪಿಗೆಯ ಕೂಸು ಪಾರಿವಾಳದ ಹಿಂದೆ ಓಡಿ ಬಿತ್ತು. ಎಡಗಡೆಯ ಸಂದಿಯಿಂದ ಮೌನೇಶ ಬಂದ. ನೀರಿನ ಮೇಲೆ ಬಗ್ಗಿದ. ಭಾಗ್ಯ ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದಳು. ಅವನು ಕೈಯೂರಿ ನಿಂತ ಜಾಗದಲ್ಲಿ, ಆ ಕಡೆಯ ಫೋನಿನಲ್ಲಿ ಹಲಗೆಯ ಮೇಲೊಂದು ಕಾಗೆ ಕೂತಿತ್ತು. ಎಷ್ಟು ನೋಡಿದರೂ ಆ ಬಿಳಿಯಲ್ಲಿ ಹಳದಿ ಎಂಬುದೇ ಇರಲಿಲ್ಲ.

ಹಾನಾ ಅವಳ ಮೊಣಕೈ ಮುಟ್ಟಿ ಏನೋ ಕೇಳಿದಳು. ಒಲೆಯ ಮೇಲೆ ಬೇಳೆ ಉಕ್ಕಿ ಉರಿ ಚರ್ರೆಂದಿತು. ಭಾಗ್ಯ ಎದ್ದು ಹೋಗಿ ಗ್ಯಾಸು ಆರಿಸಿದಳು. ಆರಿಸಿದ್ದೇನೆಯೇ ಎಂದು ಮತ್ತೊಮ್ಮೆ ನೋಡಿದಳು. ಮತ್ತೊಮ್ಮೆ.

ಕರೆಮ್ಮ ಬಂದಾಗ ಎರಡೂ ಫೋನುಗಳು ಅಲ್ಲಿರಲಿಲ್ಲ. ಹೂವಿನ ಪೊಟ್ಟಣವನ್ನು ತಟ್ಟೆಯಲ್ಲಿಟ್ಟು, ನೀರು ಚಿಮುಕಿಸಿ, "ಬಂದಿದ್ನಾ?" ಎಂದಳು.

"ಬಂದಿದ್ರು ಅತ್ತಿ."

"ತಲಿ ಎತ್ತಿದ್ನಾ?"

"ಇಲ್ರಿ."

ಕರೆಮ್ಮ ಸೊಸೆಯ ಮುಖವನ್ನು ನೋಡಿದಳು. ಹೊಸ್ತಿಲ ಮೇಲೆ ಆರಿಹೋಗಿದ್ದ ಅರ್ಧ ಲೋಟ ಚಹಾ ನೋಡಿದಳು. ಹೂವು ಕಟ್ಟಲು ಕೂತಳು.

ಭಾಗ್ಯ ಮಹಡಿಯ ಮೇಲೆ ಹೋಗಿ, ಒಣಗಿದ ಬಟ್ಟೆಗಳ ಮರೆಯಲ್ಲಿ ನಿಂತು ಅಣ್ಣನಿಗೆ ಫೋನ್ ಮಾಡಿದಳು. "ಹೊಸಪೇಟಿಗೆ ಹೋಗೂಣು ಅಣ್ಣ. ಕಂಪ್ಲೇಂಟ್ ಕೊಡೂಣು."

ಯಾಕೆ ಎಂದು ಪಂಪೇಶ ಕೇಳಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ.

"ನಾಳಿ ಹಬ್ಬ ಐತಲ್ಲ?"

"ನಾಳಿನ ಹೋಗೂಣು."

"ಆತು. ಬರ್ತೀನಿ. ಒಂದು ಫೋಟೋ ತಗಂಡಿರು. ಕೊನಿಗೆ ಯಾವಾಗ ನೋಡಿದ್ರಿ ಅಂತ ಕೇಳ್ತಾರ, ಯೋಚ್ನಿ ಮಾಡಿಟ್ಟಿರು." ಆಮೇಲೆ ಕೇಳಿದ, "ಅತ್ತೆಮ್ಮಗ ಏನಂತ ಹೇಳ್ತಿ?"

"ಸಂತಿಗೆ ಹೊಂಟೀನಿ ಅಂತೀನಿ."

ಬೆಳಗ್ಗೆ ಗೂಡ್ಸ್ ಆಟೋ ಬಂದು ನಿಂತಾಗ ಕರೆಮ್ಮ ಆಗಲೇ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಇಸ್ತ್ರಿ ಇಲ್ಲದಿದ್ದರೂ ಒಗೆದ ಸೀರೆ ಉಟ್ಟಿದ್ದಳು. ತೊಡೆಯ ಮೇಲೆ ಮಡಿಸಿದ ಕರಿ ಕಂಬಳಿ. ಅವಳ ಹಿಂದೆ ಬಾಗಿಲಾಚೆ ಟ್ರಂಕು ತೆರೆದೇ ಇತ್ತು.

"ಅತ್ತೀ, ನೀವೆಲ್ಲಿಗ್ರಿ? ನಾವು ಸಂತಿಗೆ..."

"ಗೊತ್ತೈತಿ," ಎಂದಳು ಕರೆಮ್ಮ. ಪಂಪೇಶನ ಕೈ ಹಿಡಿದು ಮುಂದಿನ ಸೀಟಿಗೆ ಹತ್ತಿ, ಭಾಗ್ಯಳಿಗೆ ಜಾಗ ಬಿಟ್ಟು ಸರಿದು ಕೂತಳು. ದಾರಿಯಲ್ಲಿ ಎದುರಿಗೆ ಫಲಪೂಜೆಗೆ ಬರುವವರ ಟ್ರ್ಯಾಕ್ಟರುಗಳು, ಕಾಯಿ ಕರ್ಪೂರದ ಚೀಲ ಹಿಡಿದು ನಡೆದು ಬರುವವರು. ಎಲ್ಲರೂ ಹಂಪಿಯ ಕಡೆಗೆ ಬರುತ್ತಿದ್ದರು, ಇವರು ಮಾತ್ರ ಅಲ್ಲಿಂದ ಹೊರಟಿದ್ದರು. ಕಡ್ಡಿರಾಂಪುರ ದಾಟಿದ ಮೇಲೆ ಕರೆಮ್ಮ ಒಮ್ಮೆ ಮಾತ್ರ ಬಾಯಿ ಬಿಟ್ಟಳು.

"ಅಲ್ಲಿ ಈಗ ಚಳಿ ಭಾಳೇನು?"

"ಭಾಳ ಐತ್ರಿ," ಎಂದಳು ಭಾಗ್ಯ.

ಹೊಸಪೇಟೆಯ ಠಾಣೆಯಲ್ಲಿ ಅವರನ್ನು ಕುರ್ಚಿಗಳ ಮೇಲೆ ಕೂರಿಸಿದರು. ಬರೆದುಕೊಳ್ಳುವವನು ಮಧ್ಯವಯಸ್ಸಿನ ಮನುಷ್ಯ, ಒಳ್ಳೆಯ ಮಾತಿನವನು. ಕರೆಮ್ಮನಿಗೆ ನೀರು ತರಿಸಿ ಕೊಟ್ಟ. ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ. ಭಾಗ್ಯ ಒಂದೊಂದನ್ನೂ ಸ್ಪಷ್ಟವಾಗಿ ಹೇಳಿದಳು. ಎಡಗೈ ಮೇಲೆ ಸುಟ್ಟ ಕಲೆ ಇದೆ ಎಂದಳು. ಹಳದಿ ಜಾಕೀಟು ಎಂದಳು.

"ಕೊನಿಗೆ ನೋಡಿದ್ದು ಯಾವಾಗ್ರಿ?"

ಭಾಗ್ಯ ಬಾಯಿ ತೆರೆದಳು. ನಿನ್ನೆ ಎಂಬ ಮಾತು ನಾಲಿಗೆಯ ಮೇಲೆ ಬಂದು ನಿಂತಿತು. ಅವಳು ಅದನ್ನು ನುಂಗಿಕೊಂಡು ಮೇಜಿನ ಅಂಚು ಹಿಡಿದುಕೊಂಡಳು. ಬರೆಯುವವನು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದ.

"ಕಾರಹುಣ್ಣಿವಿ ಮರುದಿನ," ಎಂದಳು ಕರೆಮ್ಮ.

ಮೂವರೂ ಅವಳ ಕಡೆ ತಿರುಗಿದರು.

"ಮಖ ತೊಳ್ಕೊಂಡ. ಹೋದ."

ಅವನು ಬರೆದುಕೊಂಡ. ಭಾಗ್ಯ ಅತ್ತೆಯನ್ನೇ ನೋಡುತ್ತಿದ್ದಳು. ಕರೆಮ್ಮ ಯಾರನ್ನೂ ನೋಡುತ್ತಿರಲಿಲ್ಲ. ತೊಡೆಯ ಮೇಲಿನ ಕಂಬಳಿಯ ಮಡಿಕೆ ಬಿಡಿಸಿ, ಅದರಲ್ಲಿ ಸಿಕ್ಕಿಕೊಂಡಿದ್ದ ಒಣಗಿದ ಬೇವಿನ ಎಲೆಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಅವನ್ನು ಹಾಕಲು ಅಲ್ಲೆಲ್ಲೂ ಜಾಗವಿರಲಿಲ್ಲ. ಎಡಗೈ ಮುಷ್ಟಿಯೊಳಗೆ ಸೇರಿಸಿಕೊಳ್ಳುತ್ತ, ಪುಡಿಯಾಗದಂತೆ ಸಡಿಲವಾಗಿ ಹಿಡಿದುಕೊಂಡಿದ್ದಳು.